ಪೆಟ್ಟಿಗೆಯೊಳಗೆ ಕದಡಿದ ಕೆಸರು

ಹೆತ್ತೂರು
೧೮ ಜನವರಿ ೨೦೨೫, ಶನಿವಾರ

ಮಗಳು ರಶ್ಮಿತಾಳಿಗೆ ಅಪ್ಪನ ಪ್ರೀತಿ.

ಹೇಗಿದ್ದೀಯ ಮಗಾ? ಹಡಗಿನಲ್ಲಿ ವಾಂತಿ ನಿಂತಿತೇ? ಅಮ್ಮ ಕೊಟ್ಟ ನಿಂಬೆ ಉಪ್ಪಿನಕಾಯಿ ಮುಗಿದಿದ್ದರೆ ಮುಗಿಯಿತು ಅಂತಲೇ ಬರಿ, ಸುಳ್ಳು ಹೇಳಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನನ್ನ ಮಂಡಿನೋವು ಮಾತ್ರ ಹಾಗೇ ಇದೆ, ಅದು ನನ್ನ ಜೊತೆಗೇ ಹೋಗುವಂಥದ್ದು. ಕಾಫಿ ಕೊಯ್ಲು ಮುಗಿಯುತ್ತಾ ಬಂತು.

ನಿನ್ನ ಕೆಲಸ ಏನೆಂದು ನಿನ್ನಮ್ಮನಿಗೆ ಕೊನೆಗೂ ಅರ್ಥಮಾಡಿಸಿದೆ. ನಾಲ್ಕು ಕಿಲೋಮೀಟರ್ ಆಳಕ್ಕೆ ಪೆಟ್ಟಿಗೆ ಇಳಿಸಿ ಸಮುದ್ರದ ಕೆಸರಿನ ಮೇಲೆ ಬೋರಲು ಹಾಕುತ್ತೀರಿ. ಒಳಗೆ ಸಿಕ್ಕಿಕೊಂಡ ನೀರಿನಲ್ಲಿ ಎರಡು ದಿನಕ್ಕೆ ಆಮ್ಲಜನಕ ಎಷ್ಟು ಕಮ್ಮಿಯಾಯಿತೆಂದು ನೋಡಿದರೆ, ಆ ಕೆಸರಿನ ಜೀವಗಳು ಎಷ್ಟು ಉಸಿರಾಡಿದವೆಂದು ತಿಳಿಯುತ್ತದೆ. ಇಷ್ಟು ಹೇಳುವಷ್ಟರಲ್ಲಿ, "ಅಯ್ಯೋ, ಆ ಕತ್ಲಲ್ಲಿ ಅವು ಏನ್ ತಿಂತಾವೋ?" ಅಂತ ಅವಳಿಗೆ ಚಿಂತೆ ಹತ್ತಿತು. ಮೇಲಿಂದ ಉದುರಿದ್ದನ್ನೇ ತಿನ್ನುತ್ತವೆ ಕಣೇ ಅಂದೆ.

ಈಗ ನೀನು ಕೇಳಿದ ವಿಷಯ. ನೀನು ಇಳಿಸಿದ ಪೆಟ್ಟಿಗೆ ಜೋರಾಗಿ ಕೂತು ಕೆಸರು ಕದಡಿತು. ಅಡಿಯ ಹಳೆಯ ಕೆಸರು ಮೇಲೆದ್ದು ಅದೂ ಆಮ್ಲಜನಕ ಎಳೆದುಕೊಂಡಿತು, ಅದಕ್ಕೇ ಅಂಕಿ ಅಷ್ಟು ದೊಡ್ಡದು. ಕ್ಯಾಮೆರಾದಲ್ಲಿ ಅದನ್ನು ನೋಡಿದವಳು ನೀನೊಬ್ಬಳೇ. ದೊಡ್ಡ ಅಂಕಿ ಸಿಕ್ಕಿತೆಂದು ಉಳಿದವರೆಲ್ಲ ಖುಷಿಯಾಗಿದ್ದಾರೆ. ಹೇಳಿದರೆ ಮುಂದಿನ ಸಲ ಹಡಗಿಗೆ ಕರೆಯದೇ ಹೋಗಬಹುದು. "ಏನ್ ಮಾಡ್ಲಿ ಅಪ್ಪಾ?" ಎಂದು ಬರೆದಿದ್ದೀಯ. ಮೂರು ದಿನ ಯೋಚಿಸಿದೆ. ನೀನು ಓದಿದವಳು, ನಿನಗೆ ತೋಚಿದ ಹಾಗೆ ಮಾಡು. ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡು.

ದೇವರು ನಿನ್ನನ್ನೂ ಆ ಹಡಗನ್ನೂ ಕಾಯಲಿ.

ನಿನ್ನ ಅಪ್ಪ,
ಅಣ್ಣಯ್ಯ

ಮತ್ತೆ: ಸಹಿ ಹಾಕಿದ ಮೇಲೆ ಮನಸ್ಸು ಒಪ್ಪಲಿಲ್ಲ. ನಾನು ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ನೋಡಿಕೊಳ್ಳುತ್ತಿದ್ದಾಗ, ಒಂದು ವರ್ಷ ಬೀಜ ಹುಳಿಯಲು ಬಿಡುವ ತೊಟ್ಟಿ ಸಾಲಲಿಲ್ಲ. ಹಿಂದಿನ ದಿನದ ಬೀಜ ಹುಳಿಯುತ್ತಿದ್ದ ತೊಟ್ಟಿಗೇ ಅವತ್ತಿನದ್ದನ್ನೂ ಸುರಿದುಬಿಟ್ಟೆ. ಅಷ್ಟೂ ಕಾಫಿ ನಾರಿತು. "ದ್ಯಾವಯ್ಯ ತಡವಾಗಿ ತೊಳ್ದವ್ನೆ, ಕೆಡಿಸ್ಬುಟ್ಟ" ಅಂದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ನಾನು ಬಾಯಿ ಬಿಡಲಿಲ್ಲ. ಬೀಜ ತೊಳೆಯುವ ಆಳು ದ್ಯಾವಯ್ಯನ ಸಂಸಾರವನ್ನು ಅವತ್ತೇ ಕೂಲಿಯವರ ಲೈನ್ ಮನೆಯಿಂದ ಹೊರಗೆ ಹಾಕಿದರು. ಇಪ್ಪತ್ತೆರಡು ವರ್ಷವಾಯಿತು. ನಿನಗೆ ಕಳಿಸಲು ಈ ಕಾಗದದ ಫೋಟೊ ತೆಗೆಯುವಾಗ ನಿನ್ನ ಅತ್ತಿಗೆ ಪೂಜಿತಾ ಇದನ್ನು ಓದುತ್ತಾಳೆ. ಓದಲಿ. ದ್ಯಾವಯ್ಯ ಈಗ ಕುಂದೂರಿನಲ್ಲಿದ್ದಾನಂತೆ. ಹತ್ತೂವರೆ ಬಸ್ಸಿಗೆ ಹೊರಟಿದ್ದೇನೆ. ಬಾಗಿಲು ತೆಗೆಯುತ್ತಾನೋ ಇಲ್ಲವೋ ಗೊತ್ತಿಲ್ಲ, ಭಯವಾಗುತ್ತಿದೆ. ನೀನು ಇವತ್ತೇ ಹೇಳಿಬಿಡು ಮಗಾ.