ಬಳುವಳಿಗೆ ಹೋದ ಹುಡುಗಿ

ಸಂತೆಕಲ್ಲೂರು
ಫಸಲಿ 1353, ಮಾಘ ಬಹುಳ, ಸೋಮವಾರ

ನನ್ನ ಮಗ ಅಂಬಪ್ಪನಿಗೆ ನಿನ್ನ ಅವ್ವ ಗದ್ದೆಮ್ಮನ ಆಶೀರ್ವಾದ.

ಮೈಯಲ್ಲಿ ಹುಷಾರಾಗಿದ್ದೀಯಾ? ಸೊಲ್ಲಾಪುರದ ಗಿರಣಿಯಲ್ಲಿ ಹತ್ತಿಯ ಧೂಳು ಎದೆಗೆ ಕೂರುತ್ತದಂತೆ, ಕೆಮ್ಮು ಬಂದರೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೋ. ಅಲ್ಲಿ ಬಿಸಿ ರೊಟ್ಟಿ ಸಿಗುತ್ತದೋ ಇಲ್ಲವೋ. ನಾನು ಹೇಳಿದಂತೆ ಹತ್ತಿ ಹಿಂಜುವ ದಾದೇಸಾಬ ಈ ಕಾಗದ ಬರೆಯುತ್ತಿದ್ದಾನೆ. ನಡುನಡುವೆ ಕಣ್ಣೊರೆಸಿಕೊಳ್ಳುತ್ತಾನೆ, ಅಕ್ಷರ ಕೆಟ್ಟಿದ್ದರೆ ಬೈಯಬೇಡ.

ಮಗನೇ, ಕೂತುಕೊಂಡು ಓದು. ನಮ್ಮ ಹುಲಿಗೆಮ್ಮ ತೀರಿಕೊಂಡಳು.

ನಾವು ಜೀತದವರೆಂದು ಗೌಡರು ತಮ್ಮ ಹಿರಿಮಗಳ ಮದುವೆಯಲ್ಲಿ ಆಕಳು, ಹಂಡೆ, ಹಾಸಿಗೆಗಳ ಜೊತೆ ನಿನ್ನ ಮಗಳು ಹುಲಿಗೆಮ್ಮನನ್ನೂ ಬಳುವಳಿಯೆಂದು ಸಿಂಧನೂರು ಕಡೆಯ ಬೀಗರ ಮನೆಗೆ ಕಳಿಸಿದಾಗ ನೀನು ಬಂಡಿಗೆ ಅಡ್ಡ ನಿಂತು ಏಟು ತಿಂದೆ, ಊರನ್ನೇ ಬಿಟ್ಟೆ. ಅಲ್ಲಿ ಅವಳು ನೀರು ಹೊರಬೇಕು, ಮುಸುರೆ ತಿಕ್ಕಬೇಕು, ಗೌಡರ ಮಗಳ ಕೂಸನ್ನು ತೂಗಬೇಕು. ತಾನೇ ಇನ್ನೂ ಕೂಸು, ತೊಟ್ಟಿಲ ಹಗ್ಗ ಹಿಡಿದೇ ನಿದ್ದೆ ಹೋದಳಂತೆ. ಕೂಸು ಅತ್ತಿತು. ಆ ಮನೆಯ ಹಿರಿಯಳು ಒಲೆಯಲ್ಲಿ ಕಾದ ಸೌಟು ತಂದು ಅವಳ ಅಂಗೈಗೆ ಒತ್ತಿದಳು.

ಬಳೆ ಮಾರುವಾಕೆ ಸುದ್ದಿ ತಂದ ಕೂಡಲೇ ನಿನ್ನ ಹೆಂಡತಿ ಅಮರಮ್ಮ ಬುತ್ತಿಯನ್ನೂ ಕಟ್ಟಿಕೊಳ್ಳದೆ ಹೊರಟಳು. ಬೀಗರು ಬಾಗಿಲು ದಾಟಗೊಡಲಿಲ್ಲ. ಹೊರಗೆ ನಿಂತೇ "ಹುಲಿಗೀ" ಎಂದು ಕೂಗಿದಳು. ಹುಡುಗಿ ದನದ ಕೊಟ್ಟಿಗೆಯಿಂದ ತಡವರಿಸುತ್ತ ಬಂದಳು. ಕೈ ಊದಿ ಕೀವಾಗಿತ್ತು, ಮೈ ಕೆಂಡದಂತೆ ಸುಡುತ್ತಿತ್ತು. ಆಳುಗಳು ನೋಡುತ್ತಿದ್ದಂತೆ ಅಮರಮ್ಮ ಅವಳನ್ನು ಬೆನ್ನಿಗೆ ಕಟ್ಟಿಕೊಂಡಳು. "ಮುಂದ ಬರ್ರಿ ನೋಡೂನು, ಕೈಯಾಗ ಕುಡಗೋಲು ಐತಿ" ಎಂದಳಂತೆ. ಎದುರು ಮಾತನಾಡಿ ಗೊತ್ತಿಲ್ಲದ ನಿನ್ನ ಹೆಂಡತಿ!

ಹಾಗೇ ಊರಿಗೆ ಹೊತ್ತು ತಂದಳು. ಮಸ್ಕಿಯ ಹಕೀಮರು ಮುಲಾಮು ಹಚ್ಚಿದರು. ನಂಜು ಆಗಲೇ ಮೈಯೆಲ್ಲ ಏರಿತ್ತು. ಜ್ವರದಲ್ಲಿ ಹುಡುಗಿ ಒಂದೇ ಮಾತು ಬಡಬಡಿಸುತ್ತಿದ್ದಳು: "ಆಯೀ, ಕೂಸು ಅಳಾಕತ್ತೈತೇನು? ನಾ ಮಲಗಿಲ್ಲ, ಎಚ್ಚರ ಅದೀನಿ." ನಾನು ತೊಡೆಯ ಮೇಲೆ ಹಾಕಿಕೊಂಡು, "ಮಲಗು ನನ್ನವ್ವ, ಇಲ್ಲಿ ಯಾರೂ ಬೈಯಂಗಿಲ್ಲ" ಎಂದೆ. ಮಲಗಿದಳು. ಮತ್ತೆ ಏಳಲಿಲ್ಲ.

ಅಮರಮ್ಮ ಗೌಡರ ಮನೆಗೆ ನ್ಯಾಯ ಕೇಳಲು ಹೋದಳು. "ಕೊಟ್ಟ ಆಕಳು ಸತ್ತರ ಯಾರರ ಕೇಳಾಕ ಬರ್ತಾರೇನಬೇ?" ಎಂದರಂತೆ. "ಆಕಳಲ್ರೀ, ನಾ ಹಡದ ಮಗಳು" ಎಂದು ಹೇಳಿ ಬಂದಳು. ಅಂದಿನಿಂದ ಅವಳು ಅತ್ತಿಲ್ಲ, ನನಗೆ ಅದೇ ಹೆದರಿಕೆ.

ಹಳ್ಳದ ದಂಡೆಯ ಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು. ನೀನು ಅಲ್ಲಿ ಒಬ್ಬನೇ ಇದ್ದೀಯ, ಅಳು ಬಂದರೆ ತಡೆಯಬೇಡ, ಅತ್ತುಬಿಡು ಮಗನೇ. ನಮ್ಮ ದೇವರು ಅಮರೇಶ ನಿನ್ನನ್ನು ಕಾಯಲಿ.

ನಿನ್ನ ಅವ್ವ
ಗದ್ದೆಮ್ಮ, ಹೆಬ್ಬೆಟ್ಟಿನ ಗುರುತು

ಮರೆತ ಮಾತು: ದಾದೇಸಾಬ ಕಾಗದ ಮಡಚುತ್ತಿದ್ದ, ತಡೆದೆ. ಯುಗಾದಿಗೆ ಮುಂಚೆ ಗೌಡರ ಎರಡನೇ ಮಗಳ ಮದುವೆ. ಈ ಸಲ ನಿನ್ನ ಕಿರಿಮಗಳು ದುರುಗಿಯನ್ನು ಕೇಳಿ ಕಳಿಸಿದ್ದಾರೆ. ಶಿವರಾತ್ರಿ ಅಮಾವಾಸ್ಯೆಯ ಮರುದಿನ ದಾದೇಸಾಬನ ಬಂಡಿ ರಾಯಚೂರಿಗೆ ಹೋಗುತ್ತದೆ. ಅವನ ಹೆಂಡತಿ ಸಕೀನಾಬೀ ತನ್ನ ಬುರ್ಖಾ ಕೊಟ್ಟಿದ್ದಾಳೆ, ಅದನ್ನು ತೊಟ್ಟು ಅಮರಮ್ಮ ದುರುಗಿಯನ್ನು ಕರೆದುಕೊಂಡು ರೈಲು ಹತ್ತುತ್ತಾಳೆ. ನೀನು ಸೊಲ್ಲಾಪುರದ ಸ್ಟೇಶನ್ನಿನಲ್ಲಿ ನಿಂತಿರು, ಬರುವ ರೈಲುಗಳನ್ನೆಲ್ಲ ನೋಡು. ನಾನು ಬರುವುದಿಲ್ಲ. ಅವರು ದೂರ ಹೋಗುವವರೆಗೆ ಈ ಮನೆಯ ಒಲೆಯಿಂದ ಹೊಗೆ ಏಳುತ್ತಿರುವುದು ಗೌಡರಿಗೆ ಕಾಣಬೇಕು.