ತಟ್ಟೆಗೆ ಮರಳದ ಅಕ್ಕಿ

ಸದಾಶಿವ ಪೇಠ, ಪುಣೆ
ಸೋಮವಾರ, 22 ಮೇ 2006

ಚಿ. ಸೌ. ತಂಗಿ ಸಾವಂತ್ರಿಗೆ ಅಕ್ಕ ಕಲ್ಲವ್ವನ ಆಶೀರ್ವಾದ.

ಈ ಬರೆಯುವ ಕೆಲಸ ನನಗೆ ಸೇರುವುದಿಲ್ಲ. ನಾಲ್ಕನೇ ಇಯತ್ತೆಗೇ ಶಾಲೆ ಬಿಡಿಸಿ ಅಪ್ಪ ನನ್ನ ಕೈಗೆ ಕಸಬರಿಗೆ ಕೊಟ್ಟ, ಪೆನ್ನು ನಿನಗೆ ಕೊಟ್ಟ. ಹಾಗಿದ್ದೂ ಇವತ್ತು ನಮ್ಮ ವಾಡೆಯ ರಾಧಾಬಾಯಿ ಕಾಗದ ತಂದು ನನ್ನ ಮುಂದೆ ಕುಕ್ಕಿ, ನಿಮ್ಮ ತಂಗಿ, ನೀವೇ ಬರೀರಿ ಎಂದು ಎದುರಿಗೇ ಕೂತಿದ್ದಾಳೆ. ಮುಗಿಸುವವರೆಗೆ ಏಳುವುದಿಲ್ಲವಂತೆ. ಫೋನ್ ಮಾಡಿದರೆ ನಿನ್ನ ಸೊಸೆ ‘ಅತ್ತಿಯವರು ಬರೀಲಿಕ್ಕೆ ಕೂತಾರ್ರಿ’ ಎಂದು ಇಟ್ಟುಬಿಡುತ್ತಾಳೆ. ಅದಕ್ಕೇ ಈ ಹಿಂಸೆ.

ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಉತ್ತರ ಕೊಟ್ಟಿಲ್ಲ. ಸಿಟ್ಟಾಗಿದ್ದರೆ ಆಗು. ನಿನ್ನ ಭಾವ ಆರಾಮ ಇದ್ದಾರೆ. ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಅಡತಿ ಅಂಗಡಿಗೆ ಹೋಗುವುದನ್ನು ಬಿಟ್ಟ ಮೇಲೆ ದಿನವಿಡೀ ಮನೆಯಲ್ಲೇ. ಕಾಲು ಸೋತಿವೆ, ಧ್ವನಿ ಸೋತಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ವಾಡೆಯ ಮನೆಮನೆಗೂ ಗೊತ್ತಾಗುತ್ತದೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಿನ್ನ ಹೊಸ ಕಾದಂಬರಿ ‘ನೀಲಿಮಾ ಮರಳಿದಳು’ ಓದಿದೆವು. ನಮಗೆ ಯಾರಿಗೂ ಸೇರಲಿಲ್ಲ.

ನಮ್ಮ ಗುರುವಾರದ ಓದು ನಿನಗೆ ಗೊತ್ತೇ ಇದೆ. ಗುರುವಾರ ಮಧ್ಯಾಹ್ನ ಇಲ್ಲಿ ಕರೆಂಟ್ ತೆಗೆಯುತ್ತಾರೆ, ಟಿ.ವಿ. ಬಂದ್. ಪೇಠಿನ ಕನ್ನಡದ ಹೆಂಗಸರೆಲ್ಲ ನಮ್ಮ ಪಡಸಾಲೆಗೆ ಬರುತ್ತಾರೆ. ರಾಧಾಬಾಯಿ ಓದುತ್ತಾಳೆ, ಉಳಿದವರು ಹೂಬತ್ತಿ ಹೊಸೆಯುತ್ತ ಕೇಳುತ್ತೇವೆ. ಇಲ್ಲೇ ಹುಟ್ಟಿದ ಹುಡುಗಿಯರು ಮರಾಠಿ ಶಾಲೆಯವರು, ಕನ್ನಡ ಮಾತಾಡುತ್ತಾರೆ, ಅಕ್ಷರ ಬಾರದು. ಅವರಿಗೆ ಕಿವಿಯಿಂದ ಬಿದ್ದದ್ದೇ ಪುಸ್ತಕ. ನಿನ್ನ ಮೊದಲಿನ ‘ನೀಲಿಮಾ ನಡೆದಳು’ ಎಷ್ಟು ಸಲ ಓದಿಸಿದ್ದಾರೋ ಲೆಕ್ಕವಿಲ್ಲ. ಹೊಡೆಯುವ ಗಂಡನನ್ನು ಬಿಟ್ಟು ಬಂದ ನೀಲಿಮಾಳನ್ನು ತವರಿನವರು ಉಡಿ ತುಂಬಿ ಮತ್ತೆ ಅಲ್ಲಿಗೇ ಕಳಿಸುತ್ತಾರಲ್ಲ, ಅವಳು ಬಸ್‌ಸ್ಟ್ಯಾಂಡಿನಲ್ಲಿ ಉಡಿಯ ಅಕ್ಕಿಯನ್ನು ಗುಬ್ಬಿಗಳಿಗೆ ಚೆಲ್ಲಿ, ಗಂಡನ ಊರಿನ ಬಸ್ಸು ಬಿಟ್ಟು ಬೆಳಗಾವಿ ಬಸ್ಸು ಹತ್ತುತ್ತಾಳಲ್ಲ, ಆ ಪುಟ ಬಂದಾಗ ಪ್ರತಿ ಸಲವೂ ಬತ್ತಿ ಹೊಸೆಯುವ ಕೈಗಳು ನಿಲ್ಲುತ್ತಿದ್ದವು. ಬೆಳಗಾವಿಯಲ್ಲಿ ರಾಜೀವ ಮಾಸ್ತರ ಸಿಕ್ಕಾಗ ಮುದುಕಿಯರೂ ನಾಚುತ್ತಿದ್ದರು.

ಮುಂದೇನಾಯಿತು ಎಂದು ನಿನಗೆ ಕಾಗದ ಬರೆಸಿ ಕಾಡಿದವರೂ ಇವರೇ. ಅದಕ್ಕೇ ಬರೆದೆ ಎಂದು ನೀನು ಮುನ್ನುಡಿಯಲ್ಲಿ ಹೇಳಿದ್ದೀ. ಕೇಳಿದವರಿಗೆ ಏನು ಕೊಟ್ಟೆ ನೋಡು. ರಾಜೀವನಿಗೆ ಕುಡಿತ ಹಚ್ಚಿ ಕೊಂದೆ. ಮೊದಲನೆಯದರಲ್ಲಿ ಅವನ ಎಡಗೆನ್ನೆಯ ಮೇಲಿದ್ದ ಮಚ್ಚೆ ಬಲಗೆನ್ನೆಗೆ ಹೋಯಿತು ಎಂದು ರಾಧಾಬಾಯಿಗೆ ಬೇರೆ ಸಂಕಟ. ‘ಗಂಡನ್ನ ಮರತರೂ ಆ ಮಚ್ಚಿ ಮರಿಯಂಗಿಲ್ಲ ನಾ, ನಿಮ್ಮ ತಂಗಿ ಹ್ಯಾಂಗ ಮರತರು?’ ಎಂದು ಜಗಳ ತೆಗೆದಳು. ಮಚ್ಚೆ ಎಲ್ಲಿಯಾದರೂ ಇರಲಿ. ನೀಲಿಮಾ ತವರಿಗೆ ಬಂದು ತಾನೇ ಕೇಳಿ ಉಡಿ ತುಂಬಿಸಿಕೊಂಡು ಆ ಮೊದಲ ಗಂಡನ ಹೊಸಿಲಿಗೆ ಹೋಗಿ ನಿಂತಳು, ಅವನು ಅತ್ತ, ಎಲ್ಲ ಒಳ್ಳೆಯದಾಯಿತು ಎಂದು ಬರೆದೆ. ಅಂಥವನು ಅಳುತ್ತಾನೆಯೇ? ಯಾವ ಊರಲ್ಲಿ ನೋಡಿದೆ?

ಇಷ್ಟೇ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಆದರೆ ಮಾಧುರಿ ಇದ್ದಳು.

ಮಾಧುರಿ ಎಂದರೆ ನಮ್ಮ ಅಡತಿಯಲ್ಲಿ ಗುಮಾಸ್ತನಾಗಿದ್ದ ಬಿಂದುಮಾಧವನ ಮಗಳು. ತಂದೆತಾಯಿ ಇಬ್ಬರೂ ಇಲ್ಲ. ಕುಶಲ ಎಂಬ ಇಂಜಿನಿಯರನನ್ನು ತಾನೇ ಮೆಚ್ಚಿ ಮಾಡಿಕೊಂಡಿದ್ದಳು. ಮಗರಪಟ್ಟಾದಲ್ಲಿ ಫ್ಲ್ಯಾಟು, ಮಾತು ಬೆಣ್ಣೆ. ಎರಡು ವರ್ಷದ ಹಿಂದೆ ಮೊಣಕೈ ಮುರಿಸಿಕೊಂಡು ನನ್ನ ಬಾಗಿಲಿಗೆ ಬಂದಳು. ಆ ಕೈ ಇನ್ನೂ ನೆಟ್ಟಗಾಗುವುದಿಲ್ಲ. ಮಾಳಿಗೆಯ ಕೋಣೆ ಕೊಟ್ಟೆ. ಹತ್ತಿರದ ಟ್ಯೂಷನ್ ಕ್ಲಾಸೊಂದರಲ್ಲಿ ಆಫೀಸು ಕೆಲಸಕ್ಕೆ ಹೋಗುತ್ತಿದ್ದಳು. ಅವನು ಕೆಳಗೆ ಸ್ಕೂಟರ್ ನಿಲ್ಲಿಸಿ ಹಾರ್ನ್ ಹೊಡೆದಾಗಲೆಲ್ಲ ಇವಳು ರಾಧಾಬಾಯಿಗೆ ಆ ಬಸ್‌ಸ್ಟ್ಯಾಂಡಿನ ಪುಟ ಓದಲು ಹೇಳುತ್ತಿದ್ದಳು. ಇಳಿಯುತ್ತಿರಲಿಲ್ಲ. ನಿನ್ನ ಪುಸ್ತಕದಿಂದಲೇ ಅವಳು ನಿಂತಿದ್ದಳು, ಸುಳ್ಳು ಹೇಳುವುದಿಲ್ಲ.

ಎರಡನೆಯ ಪುಸ್ತಕ ಮುಗಿದ ದಿನ ಎಲ್ಲರೂ ಬೈಯುತ್ತಿದ್ದರು, ಅವಳೊಬ್ಬಳು ಕೊನೆಯ ಪುಟ ಇನ್ನೊಮ್ಮೆ ಓದಿ ಎಂದಳು, ಅಷ್ಟೇ. ಮುಂದಿನ ಗುರುವಾರ ಎಲ್ಲರೂ ಕೂತಿರುವಾಗ ಬ್ಯಾಗು ಹಿಡಿದು ಇಳಿದು ಬಂದು ನನ್ನೆದುರು ಸೆರಗೊಡ್ಡಿ ನಿಂತಳು.

‘ಉಡಿ ತುಂಬ್ರಿ ಮಾವಶಿ. ಮನೀಗೆ ಹೊಂಟೀನಿ.’

‘ಮತ್ತ ಇದು ಯಾರ ಮನಿ?’ ಎಂದೆ.

‘ನೀಲಿಮಾನ ಹೋದಳಲ್ಲ ಮಾವಶಿ. ನಾ ಯಾವ ದೊಡ್ಡಾಕಿ?’

ಬೈದೆ. ಕೈ ಹಿಡಿದು ಜಗ್ಗಿದೆ. ಕಥೆಯವಳು ಹೋದರೆ ನೀನೂ ಹೋಗುತ್ತೀಯೇನು, ತಲೆ ಕೆಟ್ಟವಳೆ ಎಂದೆ. ಸೆರಗು ಹಾಗೇ ಹಿಡಿದಿದ್ದಳು. ಒಳಗಿನಿಂದ ನಿನ್ನ ಭಾವ, ‘ಗಂಡನ ಮನೀಗೆ ಹೋಗಾಕಿಗೆ ಅಡ್ಡ ನಿಂದರಬ್ಯಾಡ, ತುಂಬಿ ಕಳಸು’ ಎಂದರು. ಇನ್ನೊಂದು ಮಾತೂ ಅಂದರು, ಅದು ಇರಲಿ. ಮುತ್ತೈದೆ ಸೆರಗೊಡ್ಡಿ ನಿಂತರೆ ಬರಿ ಉಡಿಯಲ್ಲಿ ಕಳಿಸಬಾರದು ಎಂಬುದು ನಿನಗೂ ಗೊತ್ತು, ಅಲ್ಲಿ ಕೂತವರಿಗೂ ಗೊತ್ತು. ಎಲ್ಲರೂ ನನ್ನನ್ನೇ ನೋಡಿದರು. ಇದ್ದವರಲ್ಲಿ ಹಿರಿಯ ಮುತ್ತೈದೆ ನಾನೇ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಬೇರು, ಒಂದು ಹಸಿರು ಖಣ. ಈ ಕೈಯಿಂದಲೇ ತುಂಬಿದೆ.

ಉಡಿ ತುಂಬಿದ ಮೇಲೆ ಮಗಳು ಅದರಲ್ಲಿಯ ಒಂದು ಹಿಡಿ ಅಕ್ಕಿಯನ್ನು ತಟ್ಟೆಗೆ ಮರಳಿ ಹಾಕಬೇಕಲ್ಲ, ಮತ್ತೆ ಬರುತ್ತೇನೆ ಎಂದು. ತಟ್ಟೆ ಮುಂದೆ ಹಿಡಿದೆ. ಹಾಕಲಿಲ್ಲ. ನಿನ್ನ ಎರಡನೆಯ ಪುಸ್ತಕದಲ್ಲಿ ನೀಲಿಮಾ ಹಾಕಲಿಲ್ಲ, ಅದಕ್ಕೆ ಇವಳೂ ಹಾಕಲಿಲ್ಲ. ಗಂಟು ಕಟ್ಟಿಕೊಂಡು ರಿಕ್ಷಾ ಹತ್ತಿದಳು. ಆ ತಟ್ಟೆಯನ್ನು ಯಾರೂ ಒಳಗಿಡಲಿಲ್ಲ. ಸಂಜೆಯವರೆಗೆ ಪಡಸಾಲೆಯಲ್ಲೇ ಬಿದ್ದಿತ್ತು.

ಮೊದಲ ವಾರ ಅವಳ ಫೋನ್ ಬಂತು. ಮರಾಠಿಯಲ್ಲಿ ಮಾತಾಡಿದಳು. ನನ್ನ ಹತ್ತಿರ ಅವಳು ಒಂದು ದಿನವೂ ಮರಾಠಿ ಆಡಿದವಳಲ್ಲ. ಕುಶಲನಿಗೆ ಕನ್ನಡ ಬಾರದು. ಪಕ್ಕದಲ್ಲಿ ನಿಂತು ಕೇಳುತ್ತಿದ್ದಾನೆ ಎಂದು ಆಗಲೇ ತಿಳಿಯಿತು. ‘ಮೀ ಠೀಕ್ ಆಹೆ, ಮಾವಶಿ’ ಎಂದಳು, ಚೆನ್ನಾಗಿದ್ದೇನೆ ಎಂದು. ನಾನು ಏನು ಕೇಳಿದರೂ ಅದನ್ನೇ ಅಂದಳು. ಆಮೇಲೆ ಫೋನೇ ಇಲ್ಲ. ಕ್ಲಾಸಿನವರು ಸಂಬಳ ಒಯ್ಯಲು ಬಂದಿಲ್ಲ ಎಂದರು.

ಹೋದ ಗುರುವಾರ ನಾನೂ ರಾಧಾಬಾಯಿಯೂ ಮಗರಪಟ್ಟಾಕ್ಕೆ ಹೋದೆವು. ಅಲ್ಲಿ ಹುಲ್ಲಿಗೂ ನೀರು ಬಿಡುತ್ತಾರೆ, ಮನುಷ್ಯರ ಸದ್ದಿಲ್ಲ. ಗೇಟಿನ ಕಾವಲಿನವನು ಜಟ್ಟೆಪ್ಪ, ವಿಜಾಪುರದ ಕಡೆಯವನು. ಕನ್ನಡ ಕೇಳಿ ಕುರ್ಚಿ ಕೊಟ್ಟ. ಯಾರ ಮನೆಗೆ ಬಂದಿದ್ದೇವೆ ಎಂದು ತಿಳಿದ ಮೇಲೆ ಅವನ ಮುಖ ಇಳಿಯಿತು.

‘ಬಾಯಾರು ಮ್ಯಾಲೇ ಅದಾರ್ರಿ. ಕೆಳಗ ಇಳಿಯಂಗಿಲ್ಲ. ಸಾಹೇಬ್ರು ಆಫೀಸಿಗೆ ಹೋಗಬೇಕಾದ್ರ ಹೊರಗಿಂದ ಕೀಲಿ ಹಾಕ್ಕೊಂಡು ಹೋಗ್ತಾರ. ನಾ ಹೇಳೀನಿ ಅನಬ್ಯಾಡ್ರಿ ಅವ್ವಾರ, ನೌಕರಿ ಹೋಗ್ತದ.’

ತಲೆಯೆತ್ತಿ ನೋಡಿದೆ. ಇಂಥ ಬಿಸಿಲಲ್ಲಿ ಕಿಟಕಿಗಳೆಲ್ಲ ಮುಚ್ಚಿದ್ದವು. ಗ್ಯಾಲರಿಯ ಹಗ್ಗದ ಮೇಲೆ ಅವನ ಅಂಗಿಗಳು ಸಾಲಾಗಿ ತೂಗುತ್ತಿದ್ದವು. ಹೆಣ್ಣುಮಗಳ ಬಟ್ಟೆ ಒಂದೂ ಇಲ್ಲ.

ಗೇಟಿನಿಂದ ಮೇಲಿನ ಮನೆಗೆ ಮಾತಾಡುವ ಫೋನ್ ಇರುತ್ತದಂತೆ. ಜಟ್ಟೆಪ್ಪ ಹಚ್ಚಿಕೊಟ್ಟ. ಬಹಳ ಹೊತ್ತಿನ ಮೇಲೆ ಎತ್ತಿದಳು. ಈ ಸಲ ಕನ್ನಡ, ಆದರೆ ಧ್ವನಿ ನೆಲಮಾಳಿಗೆಯಿಂದ ಬಂದಂತಿತ್ತು. ಬಾ ಎಂದೆ, ಈಗಲೇ ಬೀಗ ಒಡೆಸುತ್ತೇನೆ ಎಂದೆ.

‘ಬ್ಯಾಡ ಮಾವಶಿ, ಹೋಗ್ರಿ. ನೀಲಿಮಾಗೂ ಮೊದಲ ತ್ರಾಸ ಆತು, ಕಡಿಗೆ ಎಲ್ಲಾ ಛಲೋ ಆತಲ್ಲ. ಆ ಪುಟ ಇನ್ನೂ ಬಂದಿಲ್ಲ.’

ಆ ಪುಟ ಇನ್ನೂ ಬಂದಿಲ್ಲವಂತೆ. ಕೇಳಿದೆಯಾ?

ಅಲ್ಲಿಂದ ನೇರ ಪೊಲೀಸ್ ಚೌಕಿಗೆ ಹೋದೆ. ನೀವು ಅವರಿಗೆ ಏನಾಗಬೇಕು ಎಂದು ಕೇಳಿದರು. ಏನೂ ಆಗಬೇಕಿಲ್ಲ, ಮನುಷ್ಯಳು ಎಂದೆ. ಅವರು ಸ್ವತಃ ಕರೆದರೆ ಬರುತ್ತೇವೆ, ಇಲ್ಲವಾದರೆ ಗಂಡಹೆಂಡಿರ ವಿಷಯ ಎಂದರು. ಅಂದರೆ ಎಲ್ಲವೂ ಅವಳ ಬಾಯಿಯಿಂದ ಬರುವ ಒಂದು ಮಾತಿನ ಮೇಲೆ ನಿಂತಿದೆ. ಬರುತ್ತೇನೆ ಎಂದು ಅವಳು ಅಂದರೆ ಸಾಕು, ಮಾರ್ಕೆಟ್ ಯಾರ್ಡಿನ ಹಮಾಲರು ಆ ಬಾಗಿಲನ್ನೇ ಹೊತ್ತು ತರುತ್ತಾರೆ. ಆದರೆ ಅವಳು ನನ್ನ ಮಾತು ಕೇಳುವುದಿಲ್ಲ, ರಾಧಾಬಾಯಿಯ ಮಾತೂ ಕೇಳುವುದಿಲ್ಲ. ನಿನ್ನ ಮಾತು ಕೇಳಿ ಹೋಗಿದ್ದಾಳೆ, ನಿನ್ನ ಮಾತು ಕೇಳಿಯೇ ಇಳಿಯಬೇಕು.

ಜಟ್ಟೆಪ್ಪ ಇನ್ನೊಂದು ಹೇಳಿದ. ಕುಶಲನಿಗೆ ದಿಲ್ಲಿಯ ಕಡೆಗೆ ಬದಲಿಯಾಗಿದೆ. ಜೂನ್ ಐದಕ್ಕೆ ಸಾಮಾನಿನ ಲಾರಿ ಬರುತ್ತದೆ. ಅಲ್ಲಿ ಕನ್ನಡ ತಿಳಿಯುವ ಕಾವಲಿನವನು ಯಾರಿದ್ದಾನೆ?

ನೀನು ಅದಕ್ಕೆ ಮೊದಲೇ ಬಾ. ಧಾರವಾಡದಿಂದ ಒಂದು ರಾತ್ರಿಯ ಬಸ್ಸು. ಶಾಲು, ಹಾರ, ಭಾಷಣ ಏನೂ ಇಲ್ಲ. ಗೇಟಿನ ಹತ್ತಿರ ಆ ಫೋನ್ ಹಿಡಿದು, ನಾನೇ ನೀಲಿಮಾಳ ಕಥೆ ಬರೆದವಳು, ಎರಡನೆಯದು ಸುಳ್ಳು, ಅವಳು ಬೆಳಗಾವಿಯಲ್ಲೇ ಇದ್ದಾಳೆ, ನೀನು ಇಳಿದು ಬಾ ಎಂದು ಹೇಳು. ಅಷ್ಟೇ ಕೆಲಸ. ಅಷ್ಟಕ್ಕೂ ನಿನಗೆ ಪುರಸೊತ್ತಿಲ್ಲವೆಂದರೆ ಇಷ್ಟು ಪುಸ್ತಕ ಏಕೆ ಬರೆದೆ?

ನಿನ್ನ ಸೊಸೆಗೆ, ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಮಂಡಿನೋವಿಗೆ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕು. ನೂರು ವರ್ಷ ಬಾಳು.

ನಿನ್ನ ಅಕ್ಕ,
ಕಲ್ಲವ್ವ

ತಾ. ಕ.: ರಾಧಾಬಾಯಿ ಚಹಾ ಮಾಡಲು ಎದ್ದಿದ್ದಾಳೆ. ಅವಳು ಓದಬಾರದ್ದನ್ನು ಈಗ ಬರೆಯುತ್ತೇನೆ.

ಮಾಧುರಿ ಸೆರಗೊಡ್ಡಿ ನಿಂತಾಗ ನಿನ್ನ ಭಾವ ಅಂದ ಇನ್ನೊಂದು ಮಾತು ಇದು: ‘ನೀ ಹೊಳ್ಳಿ ಬಂದಿಲ್ಲೇನು? ಸತ್ತೇನು?’ ಎಲ್ಲರ ಮುಂದೆ ಅಂದರು. ಅದಕ್ಕೇ ಅಕ್ಕಿ ತುಂಬಿದೆ.

ನೀಲಿಮಾ ತಟ್ಟೆಗೆ ಅಕ್ಕಿ ಹಾಕಲಿಲ್ಲ ಎಂಬುದನ್ನು ಕೇಳಿ ಇಲ್ಲಿಯವರು, ಇಂಥ ಹುಡುಗಿ ಎಲ್ಲಿಯೂ ಇರುವುದಿಲ್ಲ ಎಂದರು. ನಾನು ಬತ್ತಿ ಹೊಸೆಯುತ್ತ ಕೂತೆ. ನಾನು ತವರಿನಿಂದ ಇವರ ಮನೆಗೆ ಮರಳಿದ ದಿನ ತಟ್ಟೆ ಹಿಡಿದು ನಿಂತವಳು ನೀನು, ಎರಡು ಜಡೆ ಹಾಕಿಕೊಂಡು. ನಾನು ಹಾಕದ್ದಕ್ಕೆ ಅವ್ವ ಅತ್ತಳು. ನನ್ನ ಟ್ರಂಕು ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ಬಂದವಳೂ ನೀನೇ. ಗುಬ್ಬಿಗಳಿಗೆ ಯಾರೂ ಅಕ್ಕಿ ಚೆಲ್ಲಲಿಲ್ಲ. ನಾನು ಯಾವ ಬಸ್ಸು ಹತ್ತಿದೆ ಎಂದು ನಿನಗೆ ಗೊತ್ತು.

ಮೊದಲ ಪುಸ್ತಕದಲ್ಲಿ ನೀನು ನನ್ನನ್ನು ಬೇರೆ ಬಸ್ಸು ಹತ್ತಿಸಿದೆ. ನಾವಿಬ್ಬರೂ ಆ ಮಾತು ಎಂದೂ ಆಡಲಿಲ್ಲ. ಆಡುವ ಅಗತ್ಯ ಇರಲಿಲ್ಲ. ಇಷ್ಟು ವರ್ಷ ಇವರಿಗೆ ರೊಟ್ಟಿ ಬಡಿಯುತ್ತಲೇ ನಾನು ಆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಈಗ ನೀನು ಇಳಿಸಿಬಿಟ್ಟೆ. ಏಕೆ ಇಳಿಸಿದೆ ಎಂದು ಕೇಳುವುದಿಲ್ಲ.

ಇವರು ಒಂದು ದಿನವೂ ಅಳಲಿಲ್ಲ, ಅದೊಂದು ಬಿಟ್ಟರೆ ಎರಡನೆಯ ಪುಸ್ತಕವೇ ಖರೆ. ನನಗೂ ಗೊತ್ತು. ನೀನು ಮಾಧುರಿಗೆ ಖರೆ ಹೇಳಬೇಡ. ಮೊದಲಿನ ಸುಳ್ಳನ್ನೇ ಹೇಳು.

ಮೇ ಮೂವತ್ತೊಂದರೊಳಗೆ ಉತ್ತರ ಬರಬೇಕು.