ನಡುನೆತ್ತಿ ಯಾರು ನೋಡ್ತಾರೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಬಿಳಿ ವಿಗ್ಗಿನ ಹಣೆಯಂಚಿಗೇ ಕೂತಿದ್ದೇನೆ. ಯಾವುದೋ ನಾಟಕದ ರಾಜನಿಗೆ. ಕೂದಲು ಪೂರ್ತಿ ಬಿಳಿ ಇರಬೇಕು, ಆದರೆ ಮುದುಕನಂತೆ ಕಾಣಬಾರದು ಎಂದು ಆರ್ಡರಿನಲ್ಲಿ ಬರೆದಿದ್ದಾರೆ. ನಾನೇನು ದೇವರೇ? ಒಂದೊಂದೇ ಕೂದಲು, ಒಂದೊಂದೇ ಗಂಟು. ಕಣ್ಣು ಉರಿ.

ನಡುವೆ ತಮ್ಮನ ಫೋನ್. ವರ್ಕ್‌ಶಾಪಿನ ಕಟ್ಟಡ ಕೊಳ್ಳಲು ಕೂಡಿಟ್ಟದ್ದನ್ನು ವಾಲೆಟ್‌ನಿಂದ ತೆಗೆಯುತ್ತಿದ್ದಾನೆ. ಹೊರದೇಶದ ಗಿರಾಕಿಗಳೆಲ್ಲ ಕ್ರಿಪ್ಟೊದಲ್ಲೇ ಕೊಡುವುದು — ಬ್ಯಾಂಕಿನ ಮೂಲಕವಾದರೆ ಕಮಿಷನ್ನೇ ನುಂಗಿಬಿಡುತ್ತದೆ. ಅದನ್ನು ಎಕ್ಸ್‌ಚೇಂಜಿನ ನಮ್ಮ ಖಾತೆಗೆ ಕಳಿಸಿ ಮಾರಿದರೆ ಕೈಗೆ ದುಡ್ಡು. ಕಟ್ಟಡದ ಓನರ್ ತಿಂಗಳ ಕೊನೆವರೆಗೆ ಟೈಮ್ ಕೊಟ್ಟಿದ್ದಾನೆ. ಆಮೇಲೆ ಬೇರೆಯವರಿಗೆ ಮಾರುತ್ತಾನಂತೆ, ನಾವು ಗಂಟುಮೂಟೆ ಕಟ್ಟಬೇಕು.

ವಾಲೆಟ್‌ಗೆ ಮೂರು ಕೀಲಿ. ನನ್ನದು, ನಮ್ಮ ಯಜಮಾನರದು, ತಮ್ಮನದು. ಇಬ್ಬರು ಒಪ್ಪಿದರೆ ಮಾತ್ರ ದುಡ್ಡು ಹೊರಡುತ್ತದೆ. ನಮ್ಮನಮ್ಮಲ್ಲೇ ಯಾಕೆ ಇಷ್ಟೆಲ್ಲ ಎಂದಿದ್ದೆ. ನಂಬಿಕೆ ಬೇರೆ, ವ್ಯವಹಾರ ಬೇರೆ ಎಂದು ಇವರೇ ಮಾಡಿಸಿದ್ದು.

ಎಂದಿನಂತೆ ಕೇಳಿದ, ದುಡ್ಡು ಹೋಗುವ ಆ ಮಾರುದ್ದದ ಅಡ್ರೆಸ್‌ನ ಮೊದಲ ನಾಲ್ಕಕ್ಷರ ಸರಿಯಾ, ಕೊನೆಯ ನಾಲ್ಕು ಸರಿಯಾ. ನೋಡಿದೆ. ಸರಿ. ಅಪ್ರೂವ್ ಒತ್ತಿ ರಾಜನ ಹಣೆಗೆ ಮರಳಿದೆ.

ಮಾರ್ಚ್ 4

ದುಡ್ಡು ಬಂದಿಲ್ಲ. ನೆಟ್‌ವರ್ಕ್ ಬಿಜಿ ಇರಬೇಕು ಎನ್ನುತ್ತಾನೆ ತಮ್ಮ. ದುಡ್ಡಿಗೂ ಟ್ರಾಫಿಕ್ ಜಾಮ್! ಇವರು ನಗಲಿಲ್ಲ.

ಮಾರ್ಚ್ 5

ಹೋಯಿತು. ಅಷ್ಟೂ ಹೋಯಿತು.

ನಮ್ಮದಲ್ಲದ ಯಾವುದೋ ಅಡ್ರೆಸ್‌ಗೆ ಹೋಗಿದೆ. ಹೇಗೆ? ನಾನು ನೋಡಿಯೇ ಒತ್ತಿದ್ದು… ತಮ್ಮ ಅದೇ ಪೇಜನ್ನು ಮತ್ತೆ ಮತ್ತೆ ತೆರೆಯುತ್ತಾನೆ, ಮುಚ್ಚುತ್ತಾನೆ. ಇವರು ಕುರ್ಚಿಯಲ್ಲಿ ಕೂತವರು ಎದ್ದೇ ಇಲ್ಲ. ಮೂವರೂ ಊಟ ಮಾಡಿಲ್ಲ.

ಮಾರ್ಚ್ 7

ಪೊಲೀಸ್. ಸೈಬರ್ ವಿಭಾಗವೆಂದರೆ ಮೂರನೇ ಮಹಡಿಯಲ್ಲಿ ಒಂದು ಕೋಣೆ, ಎರಡು ಕಂಪ್ಯೂಟರ್, ಒಂದು ಒಣಗಿದ ಗಿಡ. ಇನ್‌ಸ್ಪೆಕ್ಟರ್ ಹೆಂಗಸು, ತಾಳ್ಮೆಯವರು. ಹೋದ ಕೂಡಲೇ "ನಿಮ್ಮತ್ರ ಚಾರ್ಜರ್ ಇದೆಯಾ?" ಎಂದರು. ಇನ್ನು ನನಗೆ ಅವರು ಚಾರ್ಜರ್ ಮೇಡಂ.

ಎರಡು ಅಡ್ರೆಸ್ಸನ್ನು ಒಂದರ ಕೆಳಗೊಂದು ಬರೆದು ತೋರಿಸಿದರು. ಒಂದು ನಮ್ಮ ಎಕ್ಸ್‌ಚೇಂಜ್ ಖಾತೆಯದು. ಇನ್ನೊಂದು ಕಳ್ಳನದು. ಮೊದಲ ನಾಲ್ಕು ಒಂದೇ. ಕೊನೆಯ ನಾಲ್ಕೂ ಒಂದೇ. ನಡುವಿನದೆಲ್ಲ ಬೇರೆ. ಕಳ್ಳರು ಹೀಗೆ ಹೋಲುವ ಅಡ್ರೆಸ್ ಹುಟ್ಟಿಸಿ, ಅದರಿಂದ ನಮಗೇ ಒಂದು ಚೂರು ದುಡ್ಡು ಕಳಿಸುತ್ತಾರಂತೆ. ಅದು ನಮ್ಮ ವಾಲೆಟ್‌ನ ಹಿಸ್ಟರಿಯಲ್ಲಿ, ಹಳೆಯ ವ್ಯವಹಾರಗಳ ಪಟ್ಟಿಯಲ್ಲಿ, ಕೂತುಕೊಳ್ಳುತ್ತದೆ. ಮುಂದಿನ ಸಲ ನಾವು ಹಿಸ್ಟರಿಯಿಂದಲೇ ಕಾಪಿ ಮಾಡುತ್ತೇವೆ. ತಮ್ಮ ಮಾಡಿದ್ದು ಅದನ್ನೇ.

ನಡುವಿನದು ಯಾಕೆ ನೋಡಲಿಲ್ಲ ಎಂದರು ಮೇಡಂ. ತಮ್ಮನೂ ನಾನೂ ಮುಖ ಮುಖ ನೋಡಿಕೊಂಡೆವು. ನಮಗೆ ಕೆಲಸ ಕಲಿಸಿದ ಅಪ್ಪನ ಮಾತು — ಹಣೆ ನೋಡು, ಕುತ್ತಿಗೆ ನೋಡು, ನಡುನೆತ್ತಿ ಯಾರು ನೋಡ್ತಾರೆ? ವಿಗ್ಗಿನ ಅಂಚುಗಳು ಮಾತ್ರ ಕೈಗಂಟು. ನೆತ್ತಿಗೆ ಮೆಷಿನ್ ಹೊಲಿಗೆ, ಅರ್ಧ ದಿನದ ಕೆಲಸ. ಅಡ್ರೆಸ್ಸನ್ನೂ ವಿಗ್ಗಿನಂತೆಯೇ ಪರೀಕ್ಷೆ ಮಾಡಿದ್ದೇವೆ, ಪೆದ್ದುಮುಂಡೇವು.

ಹೊರಡುವಾಗ ಇವರು ಕೇಳಿದರು — ಆ ಚೂರು ದುಡ್ಡನ್ನು ಯಾರು ಬೇಕಾದರೂ ಕಳಿಸಿರಬಹುದೇ ಎಂದು. ಯಾರು ಬೇಕಾದರೂ, ಎಂದರು ಮೇಡಂ.

"ಒಳಗಿನವರೂ?"

"ಅದೂ ಆಗಬಹುದು."



ಮಾರ್ಚ್ 10

ನನಗೆ ಅರ್ಥವಾಗದ್ದು ಇದು. ದುಡ್ಡು ಕಾಣುತ್ತದೆ! ತಮ್ಮ ಒಂದು ಲಿಂಕ್ ಕೊಟ್ಟಿದ್ದಾನೆ, ಒತ್ತಿದರೆ ಕಾಣುತ್ತದೆ. ಐದಾರು ಕಡೆ ಹಾರಿ, ಸ್ವಲ್ಪ ಕಳಚಿಕೊಂಡು, ಉಳಿದದ್ದು ಒಂದು ಅಡ್ರೆಸ್‌ನಲ್ಲಿ ತೆಪ್ಪಗೆ ಕೂತಿದೆ. ಇಡೀ ಪ್ರಪಂಚ ನೋಡಬಹುದು. ಯಾರದೆಂದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಕಣ್ಣೆದುರು ಕಪಾಟಿನಲ್ಲಿದೆ, ಕಪಾಟಿಗೆ ಮನೆಯೇ ಇಲ್ಲ.

ಚಾರ್ಜರ್ ಮೇಡಂ ಬಾಣದ ಗುರುತುಗಳ ಚಾರ್ಟ್ ತೋರಿಸಿದರು. ಸಿಕ್ಕುಗಟ್ಟಿದ ಕೂದಲ ಹಾಗೆ. ಬಾಚಣಿಗೆ ಹಾಕೋಣವೆನ್ನಿಸಿತು. ಸದ್ಯಕ್ಕೆ ಕಾಯುವುದೊಂದೇ ದಾರಿಯಂತೆ. ಕಳ್ಳ ಅದನ್ನು ಮಾರಲು ಯಾವುದಾದರೂ ಎಕ್ಸ್‌ಚೇಂಜಿಗೆ ತಂದರೆ, ತಕ್ಷಣ ಅವರಿಗೆ ಹೇಳಿ ತಡೆಯಬಹುದು. ತಡವಾದರೆ ಕೈಬಿಟ್ಟು ಹೋದ ಹಾಗೆ. ಅಲರ್ಟ್ ಹಾಕಿಟ್ಟಿದ್ದಾರೆ.

ಇವರು ಎಲ್ಲ ಪಾಸ್‌ವರ್ಡ್ ಬದಲಿಸಿ, ಬಾಗಿಲಿಗೂ ಹೊಸ ಬೀಗ ತಂದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಹೊಸ ಬೀಗದ ಕೀಲಿ ತಮ್ಮನಿಗೆ ಕೊಟ್ಟಿಲ್ಲ.

ಮಾರ್ಚ್ 14

ಇವರ ಲೆಕ್ಕಾಚಾರ: ಕಳಿಸಲು ಹೊರಟವನು ತಮ್ಮ. ಅಡ್ರೆಸ್ ಹಾಕಿದವನು ತಮ್ಮ. ಒಪ್ಪಿದ್ದು ನಾನು, ನಾನೋ ತಮ್ಮ ಹೇಳಿದ ಕಡೆ ಒತ್ತುವವಳು. ಯಾಕೆ ಅವತ್ತು ಇವರನ್ನು ಬಿಟ್ಟು ನನಗೇ ಫೋನ್ ಮಾಡಿದ?

ಯಾಕೆ? ಯಾವಾಗಲೂ ನನಗೇ ಮಾಡುತ್ತಾನೆ. ಅದೂ ಈಗ ಅನುಮಾನ. ಹೋದ ತಿಂಗಳು ಹೊಸ ಫೋನ್ ಕೊಂಡಿದ್ದ. ಅದೂ ಅನುಮಾನ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಲ್ಲ, ಇವನು ಮುಟ್ಟಿಕೊಳ್ಳುವುದೇ ಇಲ್ಲ. ಇವರಿಗೆ ಅದೂ ಅನುಮಾನ!

ಚಿಕ್ಕವನಿದ್ದಾಗ ನನ್ನ ಪರ್ಸಿನಿಂದ ಚಿಲ್ಲರೆ ತೆಗೆದರೆ ಚೀಟಿ ಬರೆದಿಟ್ಟು ತೆಗೆಯುತ್ತಿದ್ದ ಪ್ರಾಣಿ ಅವನು. ಆದರೂ ತಲೆ ಒಂದು ಕಡೆ ನಿಲ್ಲುತ್ತಿಲ್ಲ. ಇವತ್ತು ನಾಲ್ಕು ಗಂಟು ತಪ್ಪು ಹಾಕಿ ಬಿಚ್ಚಿದೆ.

ಮಾರ್ಚ್ 15

ಕೇಳಿಬಿಟ್ಟೆ. ಕೂದಲು ತೊಳೆಯುವ ಸಿಂಕಿನ ಹತ್ತಿರ, ಇವರಿಲ್ಲದಾಗ. ನೀನೇ ಆಗಿದ್ದರೆ ಹೇಳಿಬಿಡು ಎಂದೆ. ಕಟ್ಟಡಕ್ಕೆ ಬೇಕಾದಷ್ಟು ಕೊಟ್ಟರೆ ಸಾಕು, ಪೊಲೀಸಿನವರಿಗೂ ಬೇಡ, ನಿನ್ನ ಭಾವನನ್ನು ನಾನು ನೋಡಿಕೊಳ್ಳುತ್ತೇನೆ.

ನಲ್ಲಿ ನಿಲ್ಲಿಸಲಿಲ್ಲ ಅವನು. ನೀರು ಸುಮ್ಮನೆ ಹೋಗುತ್ತಿತ್ತು.

"ನೀನೂ ಕೇಳ್ತಿದ್ದೀಯಾ ಅಕ್ಕ?"

ಇಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಮಾರ್ಚ್ 16

ಬೆಳಿಗ್ಗೆ ಬಂದು, ಇವರೆದುರಿಗೇ, ನಿಂತುಕೊಂಡೇ ಹೇಳಿದ. "ಹೌದು. ನಾನೇ ತಗೊಂಡಿದ್ದು. ಒಂದು ವಾರ ಕೊಡಿ."

ಬರೆಯಲು ನಾಚಿಕೆ… ಮೊದಲು ಅನ್ನಿಸಿದ್ದು ಸಮಾಧಾನ. ಅಬ್ಬ, ಯಾರೆಂದು ಗೊತ್ತಾಯಿತಲ್ಲ! ಆಮೇಲೆ ಸಿಟ್ಟು. ಆಮೇಲೆ ಅಳು. ಮಧ್ಯಾಹ್ನ ಮಲಗಿದವಳು ಸಂಜೆಯವರೆಗೆ ಸತ್ತವಳ ಹಾಗೆ ನಿದ್ದೆ ಮಾಡಿದೆ.

ಮಾರ್ಚ್ 25

ದುಡ್ಡು ತಂದುಕೊಟ್ಟ. ಕಟ್ಟಡ ನಮ್ಮ ಹೆಸರಿಗಾಯಿತು. ಚಾರ್ಜರ್ ಮೇಡಂ ಮುಂದೆ ತಪ್ಪೊಪ್ಪಿಗೆ ಬರೆದುಕೊಟ್ಟ, ನಾವು ಕಂಪ್ಲೇಂಟ್ ವಾಪಸ್ ತೆಗೆದುಕೊಂಡೆವು. ಮನೆಯೊಳಗೇ ಬಗೆಹರಿದದ್ದು ಒಳ್ಳೆಯದಾಯಿತು ಎಂದರು ಮೇಡಂ, ಮುಖವೂ ಹಗುರವಾಗಿತ್ತು. ಇವರ ಷರತ್ತು: ತಮ್ಮ ಒಂದು ವರ್ಷ ಸಂಬಳವಿಲ್ಲದೆ ಕೆಲಸ ಮಾಡಬೇಕು, ಫೋನನ್ನು ಬಾಗಿಲ ಹತ್ತಿರದ ಶೆಲ್ಫಿನಲ್ಲಿಟ್ಟು ಒಳಗೆ ಬರಬೇಕು. ಅದಕ್ಕೂ ತಲೆಯಾಡಿಸಿದ.

ಸಂಜೆ ಅಭ್ಯಾಸಬಲದಿಂದ ಆ ಲಿಂಕ್ ಒತ್ತಿದೆ. ದುಡ್ಡು ಅಲ್ಲೇ ಇದೆ. ಒಂದು ಕಾಸೂ ಕದಲಿಲ್ಲ.

ಹಾಗಾದರೆ ಇವನು ತಂದದ್ದು ಎಲ್ಲಿಯದು?

ಮಾರ್ಚ್ 26

ಅವನನ್ನೇ ಕೇಳಿದೆ. ಕಳಚಿಕೊಂಡ ಚೂರುಗಳನ್ನು ಮೊದಲೇ ಮಾರಿದ್ದೆ ಎಂದ, ಮುಖ ನೋಡದೆ. ಚೂರುಗಳಿಂದ ಕಟ್ಟಡ ಬರುತ್ತದೆಯೇ? ಇವರನ್ನು ಕೇಳಿದೆ. ಕಳ್ಳನಿಗೆ ಹತ್ತು ಜೇಬು, ನಿನಗ್ಯಾಕೆ ಆ ತಲೆನೋವು, ಕಟ್ಟಡ ಸಿಕ್ಕಿತಲ್ಲ ಎಂದರು.

ಸಿಕ್ಕಿತು. ಸುಮ್ಮನಾದೆ. ಸುಮ್ಮನಾದದ್ದು ಯಾಕೆಂದು ಬರೆಯುವುದಿಲ್ಲ.

ಏಪ್ರಿಲ್ 4

ತಮ್ಮನ ಹೆಂಡತಿಯ ಸಲೂನಿಗೆ ಹೋಗಿದ್ದೆ. ವಿಗ್ಗಿಗೆ ಟ್ರಿಮ್ಮಿಂಗ್ ಮಾಡಿಸಲು ಯಾವಾಗಲೂ ಅಲ್ಲಿಗೇ. ಕನ್ನಡಿ, ಕುರ್ಚಿ, ನೀಲಿ ಗೋಡೆ ಎಲ್ಲ ಅದೇ. ವಿಗ್ ಕೈಗೆ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ.

"ಓನರ್ ಬರ್ಲಿ. ಕೇಳಿ ಹೇಳ್ತೀನಿ."

ಯಾವ ಓನರ್ ಎಂದೆ. ಅವಳದೇ ಸಲೂನ್! ಹನ್ನೊಂದು ವರ್ಷ ಕಟ್ಟಿದ್ದು! ಮಾರಿದ್ದಾಳೆ, ಕುರ್ಚಿ ಕತ್ತರಿ ಸಮೇತ. ಈಗ ಅಲ್ಲೇ ಸಂಬಳಕ್ಕಿದ್ದಾಳೆ. ಯಾಕೆ ಮಾರಿದೆ ಎಂದರೆ, ಕೂದಲು ಗುಡಿಸುತ್ತಲೇ, "ನೀವು ಕೇಳಿದ್ರಿ, ಅವರು ಕೊಟ್ರು" ಎಂದಳು. ಬಯ್ದಿದ್ದರೆ ಚೆನ್ನಾಗಿತ್ತು.

ವರ್ಕ್‌ಶಾಪಿಗೆ ಬಂದು ಅವನನ್ನು ಹೊರಗೆ ಕರೆದೆ. ಕದಿಯದೆ ಯಾಕೆ ಒಪ್ಪಿಕೊಂಡೆ ಮಾರಾಯ?

"ಆ ಕಳ್ಳ ಸಿಗಲ್ಲ ಅಕ್ಕ. ಎಲ್ಲಿದ್ದಾನೋ, ಒಬ್ಬನೋ ಹತ್ತು ಜನವೋ. ಯಾರೂ ಸಿಗದೆ ಇದ್ದಿದ್ರೆ ನೀವಿಬ್ಬರು ಒಬ್ಬರನ್ನೊಬ್ಬರು ಅನುಮಾನದಿಂದ ನೋಡ್ತಾ ಕೂತಿರ್ತಿದ್ರಿ. ಕಟ್ಟಡನೂ ಹೋಗ್ತಿತ್ತು. ಅದಕ್ಕೆ ನಾನೇ ಸಿಕ್ಕಿಬಿದ್ದೆ."

ಒಳಗೆ ಹೋಗಿ ಸೂಜಿ ಹಿಡಿದ.

ಏಪ್ರಿಲ್ 5

ಇವರಿಗೆ ಹೇಳಿದೆ. "ತಪ್ಪು ಮಾಡದೆ ಇರೋನು ಯಾಕೆ ಒಪ್ಕೊಳ್ತಾನೆ?" ಎಂದರು. ಸಲೂನ್ ಮಾರಿದ್ದು ನಾಟಕವಿರಬಹುದಂತೆ. ಇವರ ಮಾತು ಕೇಳುತ್ತ ಕೇಳುತ್ತ ಒಂದು ಕ್ಷಣ ನನಗೂ ಹೌದೇನೋ ಅನ್ನಿಸಿತು. ಥೂ, ನನ್ನ ಜನ್ಮಕ್ಕಿಷ್ಟು.

ಏಪ್ರಿಲ್ 7

ಚಾರ್ಜರ್ ಮೇಡಂ ಹತ್ತಿರ ಒಬ್ಬಳೇ ಹೋದೆ. ಫೈಲ್ ಮುಚ್ಚಿದೆ. ಅಲರ್ಟ್? ತೆಗೆದುಹಾಕಿದ್ದಾರೆ. ಕಳ್ಳ ಸಿಕ್ಕ ಮೇಲೆ ಕಾವಲು ಯಾಕೆ ಎಂದು ಮೇಲಿನವರು ಕೇಳಿದರಂತೆ. ಮತ್ತೆ ತೆರೆಯಬೇಕಾದರೆ ತಮ್ಮನೇ ಬಂದು, ಅವತ್ತು ಬರೆದುಕೊಟ್ಟದ್ದು ಸುಳ್ಳು ಎಂದು ಹೇಳಬೇಕು. ಹೇಳಿದರೆ ಸುಳ್ಳು ಹೇಳಿಕೆಯ ಕೇಸು. ಅವರಿಗೂ ಬೇಸರವಾದಂತಿತ್ತು, ಗಿಡದ ಒಣ ಎಲೆ ಕೀಳುತ್ತ ಕೂತರು.

ಅಂದರೆ ದುಡ್ಡಿಗೆ ಈಗ ನಾನೊಬ್ಬಳೇ ಕಾವಲು. ಅಲುಗಿದರೆ ಯಾರಿಗೆ ಫೋನ್ ಮಾಡಬೇಕೆಂದೂ ಗೊತ್ತಿಲ್ಲ.

ತಮ್ಮನಿಗೆ ಹೇಳಿದೆ, ಬಾ, ಹೋಗಿ ಹೇಳೋಣ. ಬಿಡು ಅಕ್ಕ ಎಂದ. ಬಿಡುವುದು ಹೇಗೆ?

ಏಪ್ರಿಲ್ 9, ಬೆಳಿಗ್ಗೆ 11

ಸೊನ್ನೆ.

ಈಗಷ್ಟೇ ನೋಡಿದೆ. ಹತ್ತು ನಿಮಿಷದ ಹಿಂದೆ ಇತ್ತು. ಈಗ ಆ ಅಡ್ರೆಸ್ ಖಾಲಿ. ಬಾಣ, ಬಾಣ, ಬಾಣ. ಎಲ್ಲಿಗೆ ಹೋಯಿತೋ ತಲೆಬುಡ ತಿಳಿಯುತ್ತಿಲ್ಲ.

ತಮ್ಮ ಎದುರಿಗೇ ಕೂತಿದ್ದ. ಎರಡೂ ಕೈ ಕೆಲಸದಲ್ಲಿ, ಒಂದರಲ್ಲಿ ಸೂಜಿ, ಒಂದರಲ್ಲಿ ಕೂದಲು. ಬೆಳಿಗ್ಗೆಯಿಂದ ಎದ್ದೇ ಇಲ್ಲ. ಫೋನನ್ನು ಇವರತ್ತ ತಿರುಗಿಸಿದೆ. ಇವರು ಫೋನ್ ನೋಡಿದರು. ತಮ್ಮನ ಕೈ ನೋಡಿದರು. ಅಷ್ಟಾಗಿಯೂ ಎದ್ದು ಹೋಗಿ ಶೆಲ್ಫಿನಲ್ಲಿದ್ದ ಅವನ ಫೋನ್ ಎತ್ತಿ ನೋಡಿದರು! ಸ್ವಿಚ್ ಆಫ್ ಆಗಿತ್ತು.

ತಮ್ಮ ತಲೆಯೆತ್ತಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಭಾವ, ಅದೂ ನಾನೇ ಅಂತ ಇಟ್ಕೊಳ್ಳಿ. ಮಾರೋಕೆ ಇನ್ನೇನೂ ಉಳಿದಿಲ್ಲ, ಅಷ್ಟೇ."

ಇವರು ಫೋನನ್ನು ಇದ್ದಲ್ಲೇ ಇಟ್ಟು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಾರೆ. ನಾನು ಈ ಕೋಣೆಗೆ ಬಂದು ಬರೆಯುತ್ತಿದ್ದೇನೆ, ಬರೆಯುವ ಹೊತ್ತಲ್ಲ ಇದು, ಅವನ ಕಾಲು ಹಿಡಿಯುವ ಹೊತ್ತು. ಏನೆಂದು ಶುರು ಮಾಡಲಿ? ತಪ್ಪಾಯಿತು ಎಂದೇ? ಕಟ್ಟಡ ಮಾರಿ ಸಲೂನ್ ವಾಪಸ್ ಕೊಳ್ಳೋಣ ಎಂದೇ? ವಾಪಸ್ ಕೊಡುತ್ತಾರಾ ಅದರ ಹೊಸ ಓನರ್? ಮೊದಲು ಇವರು ಹೇಳಬೇಕೋ, ನಾನೋ, ಇಬ್ಬರೂ ಒಟ್ಟಿಗೋ…

ಕುರ್ಚಿ ಸರಿದ ಸದ್ದು. ಅವನು ಚಪ್ಪಲಿ ಮೆಟ್ಟುತ್ತಿದ್ದಾನೆ. ಊಟಕ್ಕೆ ಇನ್ನೂ ಹೊತ್ತಿದೆಯಲ್ಲ, ಇಷ್ಟು ಬೇಗ ಎಲ್ಲಿಗೆ—